ಐವತ್ತು ಮತ, ಹದಿನೆಂಟು ನಿಮಿಷ

ನಿವೃತ್ತನಾದ ಮೇಲೆ ನನಗೆ ಉಳಿದಿರುವುದು ಒಂದೇ ಕೆಲಸ, ಸರ್ಕಾರಕ್ಕೆ ಬೈಯುವುದು. ಜಮಖಂಡಿಯಲ್ಲಿ ಕೋರ್ಟಿನಿಂದ ಸ್ವಲ್ಪ ದೂರದಲ್ಲಿ ಬೇವಿನ ಮರದ ಕೆಳಗೆ ಒಂದು ಕಟ್ಟೆ ಇದೆ. ಬೆಳಿಗ್ಗೆ ಎಂಟಕ್ಕೆ ಪೇಪರನ್ನು ಬಗಲಲ್ಲಿ ಹಿಡಿದುಕೊಂಡು ಅಲ್ಲಿಗೆ ಹೋಗುತ್ತೇನೆ. ಎದುರಿನ ಅಂಗಡಿಯಿಂದ ಚಹಾ ಬರುತ್ತದೆ, ನಾಲ್ಕೈದು ಜನ ಕೂಡುತ್ತೇವೆ. ಬನಹಟ್ಟಿಯ ಮಗ್ಗಗಳನ್ನು ತಮ್ಮಂದಿರಿಗೆ ಒಪ್ಪಿಸಿ ಇಲ್ಲಿ ಬಂದು ಮನೆ ಮಾಡಿರುವ ಸೀರೆ ವ್ಯಾಪಾರಿಯೊಬ್ಬರು ನನ್ನ ಕಾಯಂ ಎದುರಾಳಿ. ಅವರು ಆಳುವವರ ಪರ, ಯಾರು ಆಳಿದರೂ ಸರಿ. ನಾನು ಆಳುವವರ ವಿರುದ್ಧ, ಯಾರು ಆಳಿದರೂ ಸರಿ.

ಯಾವ ಪಕ್ಷ ಎಂದು ಕೇಳಬೇಡಿ. ಕೂದಲು ಕಪ್ಪಗಿದ್ದಾಗ ಒಂದಕ್ಕೆ ಬೈದೆ, ಬೆಳ್ಳಗಾದ ಮೇಲೆ ಇನ್ನೊಂದಕ್ಕೆ ಬೈಯುತ್ತಿದ್ದೇನೆ. ಕೈಮುಗಿದುಕೊಂಡು ಮನೆ ಬಾಗಿಲಿಗೆ ಬಂದವನು ಗೆದ್ದ ಮೇಲೆ ಪಕ್ಷ ಬದಲಿಸುತ್ತಾನೆ, ಕ್ಷೇತ್ರದ ಅಭಿವೃದ್ಧಿಗಾಗಿ ಬದಲಿಸಿದೆ ಎನ್ನುತ್ತಾನೆ. ಕ್ಷೇತ್ರ ಎಂದರೆ ನಾವು, ನಮ್ಮನ್ನಂತೂ ಯಾರೂ ಕೇಳಿರುವುದಿಲ್ಲ. ಲೋಕಸಭೆಯಲ್ಲಿ ಒಬ್ಬ ಪ್ರಶ್ನೆ ಕೇಳಿದರೆ, ಉತ್ತರ ಕೊಡಬೇಕಾದವನು ನಿಮ್ಮ ಕಾಲದಲ್ಲಿ ಏನಾಗಿತ್ತು ಎಂದು ತಿರುಗಿ ಕೇಳುತ್ತಾನೆ. ಅವನ ಕಡೆಯವರು ಮೇಜು ಕುಟ್ಟುತ್ತಾರೆ. ನಮ್ಮ ತೆರಿಗೆಯ ಅಕ್ಕಿ ನಮಗೇ ಕೊಡುವಾಗ ಚೀಲದ ಮೇಲೆ ತಮ್ಮ ಮುಖ ಅಚ್ಚು ಹಾಕಿಸುತ್ತಾರೆ. ಇವೆಲ್ಲವನ್ನೂ ನುಂಗಿಕೊಳ್ಳಬಹುದು. ನನಗೆ ತಡೆಯಲಾರದ ಸಿಟ್ಟು ಬರುವುದು ಬೇರೆ ಒಂದಕ್ಕೆ. ನನ್ನ ಜೀವಮಾನದಲ್ಲಿ ಒಂದಾದರೂ ಸರ್ಕಾರ, ಒಬ್ಬನಾದರೂ ಮಂತ್ರಿ, ಯಾರೂ ಒತ್ತಾಯಿಸದೆ ತಾನಾಗಿಯೇ ಎದ್ದು ನಿಂತು 'ಇದು ನಮ್ಮ ತಪ್ಪು' ಎಂದದ್ದನ್ನು ನಾನು ಕೇಳಿಲ್ಲ. ತಪ್ಪು ಯಾರಿಗಾಗುವುದಿಲ್ಲ? ಆದರೆ ಅವರಿಗೆ ಆಗುವುದೇ ಇಲ್ಲವಂತೆ.

ಇದನ್ನು ನಾನು ಕಟ್ಟೆಯ ಮೇಲೆ ಎಷ್ಟು ಸಲ ಹೇಳಿದ್ದೇನೋ. ಸೀರೆ ವ್ಯಾಪಾರಿ ನಗುತ್ತ, ನಿಮ್ಮ ಕೈಯಲ್ಲಿ ಅಧಿಕಾರ ಕೊಟ್ಟರೆ ನೀವೇನು ಮಾಡುತ್ತೀರಿ ಎಂದು ಕೆಣಕುತ್ತಿದ್ದರು. ಕೊಟ್ಟು ನೋಡಿ, ಆಮೇಲೆ ಮಾತಾಡಿ ಎಂದು ನಾನು ತೊಡೆ ತಟ್ಟುತ್ತಿದ್ದೆ.

ತೊಡೆ ತಟ್ಟಲು ನನಗೊಂದು ಕಾರಣವೂ ಇತ್ತು. ಮುಧೋಳ, ಬೀಳಗಿ, ಬನಹಟ್ಟಿ, ಕೊನೆಗೆ ಜಮಖಂಡಿ, ಹೀಗೆ ಸುತ್ತಲಿನ ಕೋರ್ಟುಗಳಲ್ಲೇ ಬೆಂಚ್ ಕ್ಲಾರ್ಕ್ ಆಗಿ ನನ್ನ ಸೇವೆ ಕಳೆಯಿತು. ಬೆಂಚ್ ಕ್ಲಾರ್ಕ್ ಎಂದರೆ ನ್ಯಾಯಾಧೀಶರ ಮುಂದಿನ ಮೇಜಿನಲ್ಲಿ ಕೂತು ಕಾಗದ ನೋಡಿಕೊಳ್ಳುವವನು. ಕಟಕಟೆಗೆ ಬಂದ ಸಾಕ್ಷಿಗೆ ಪ್ರಮಾಣ ಹೇಳಿಕೊಡುವುದೂ ನನ್ನ ಪಾಲಿಗಿತ್ತು. ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ, ಸತ್ಯವಲ್ಲದೆ ಬೇರೇನನ್ನೂ ಹೇಳುವುದಿಲ್ಲ ಎಂದು ನಾನು ಹೇಳುವುದು, ಅವರು ನನ್ನ ಹಿಂದೆ ಹೇಳುವುದು. ಹೇಳಿ ಮುಗಿಸಿದ ಕ್ಷಣಕ್ಕೇ ಕಣ್ಣು ಮಿಟುಕಿಸದೆ ಸುಳ್ಳು ಶುರು ಮಾಡಿದವರನ್ನು ಕಂಡು ಕಂಡು ನನಗೆ ಜನರ ಮೇಲೆ ಒಂದು ತಾತ್ಸಾರ ಬೆಳೆದಿತ್ತು. ನಾನು ಮಾತ್ರ ಬೇರೆ ಜಾತಿಯ ಮನುಷ್ಯ ಎಂದುಕೊಂಡಿದ್ದೆ.

ಈಗ ನನ್ನ ಹೆಂಡತಿಯ ವಿಷಯ. ಈ ಬರಹ ಅವಳ ಬಗ್ಗೆಯೇ. ಅವಳು ಮುಧೋಳದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ನಿತ್ಯ ಬೆಳಿಗ್ಗೆ ಬಸ್ಸಿಗೆ ಹೋಗುವುದು, ಸಂಜೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಬಸ್ಸಿನಲ್ಲಿ ಬರುವುದು. ನಮ್ಮ ಮನೆಯಲ್ಲಿ ಮಾತು ಕನ್ನಡದಲ್ಲಿ, ಲೆಕ್ಕ ಮತ್ತು ಜಗಳ ಮರಾಠಿಯಲ್ಲಿ. ಅವಳಿಗೊಂದು ವಿಚಿತ್ರ ರೂಢಿ ಇತ್ತು. ಉತ್ತರಪತ್ರಿಕೆಯಲ್ಲಿ ಅಂಕ ಕೂಡಿಸುವಾಗ ತಾನು ತಪ್ಪಿದ್ದರೆ, ಆ ಹುಡುಗಿಯನ್ನು ಇಡೀ ತರಗತಿಯ ಮುಂದೆ ಕರೆದು, ನಾನು ತಪ್ಪು ಕೂಡಿಸಿದ್ದೇನೆ ಎಂದು ಹೇಳಿಯೇ ತಿದ್ದುವಳು. ಗುಟ್ಟಾಗಿ ತಿದ್ದಿದರೆ ಏನು ಹೋಗುತ್ತದೆ ಎಂದು ನಾನು ನಗುತ್ತಿದ್ದೆ. ಮಕ್ಕಳ ಮುಂದೆ ಮಾಸ್ತರರು ಸಣ್ಣವರಾಗಬಾರದು ಎಂಬುದು ನನ್ನ ಅಂಬೋಣ. ಅವಳು ಕೆಂಪು ಪೆನ್ನಿನ ಟೊಪ್ಪಿಗೆ ಹಾಕುತ್ತಿದ್ದಳು.

ಲೋಕಸಭೆ ಚುನಾವಣೆ ಬಂತು. ಅವಳ ನಿವೃತ್ತಿಗೆ ಇನ್ನು ಒಂದು ವರ್ಷ ಚಿಲ್ಲರೆ ಇತ್ತು. ಹಿಪ್ಪರಗಿ ಕಡೆ, ಹೊಳೆ ದಂಡೆಯ ಒಂದು ಹಳ್ಳಿಯ ಮತಗಟ್ಟೆಗೆ ಅವಳನ್ನು ಅಧ್ಯಕ್ಷಾಧಿಕಾರಿ ಮಾಡಿದರು. ಮತಗಟ್ಟೆಯೊಳಗಿನ ಎಲ್ಲದಕ್ಕೂ ಆಕೆಯೇ ಹೊಣೆ. ಅವಳಿಗೆ ಇದು ಹೊಸದಲ್ಲ. ಹಿಂದಿನ ಚುನಾವಣೆಗಳಲ್ಲಿ ಬೇರೆ ಶಿಕ್ಷಕರಿಗೆ ಮತಯಂತ್ರದ ತರಬೇತಿ ಕೊಟ್ಟವಳು. ನಿಜವಾದ ಮತದಾನಕ್ಕೆ ಮೊದಲು, ನಸುಕಿನಲ್ಲಿ, ಪಕ್ಷಗಳ ಏಜೆಂಟರ ಎದುರಿಗೆ ಐವತ್ತು ಅಣಕು ಮತ ಹಾಕಿ ಯಂತ್ರ ಸರಿಯಿದೆಯೇ ಎಂದು ನೋಡುತ್ತಾರೆ. ನೋಡಿದ ಮೇಲೆ ಮೂರು ಗುಂಡಿಗಳನ್ನು ಸರದಿಯಂತೆ ಒತ್ತಬೇಕು. ಕ್ಲೋಸ್, ರಿಸಲ್ಟ್, ಕ್ಲಿಯರ್. ಆಗ ಐವತ್ತೂ ಅಳಿಸಿಹೋಗಿ ಯಂತ್ರ ಸೊನ್ನೆಗೆ ಬರುತ್ತದೆ. ಈ ಮೂರು ಶಬ್ದಗಳನ್ನು ಅವಳು ಅಡುಗೆಮನೆಯಲ್ಲಿ ಎಷ್ಟು ಸಲ ಹೇಳಿಕೊಂಡಿದ್ದಳೆಂದರೆ ನನಗೂ ಬಾಯಿಪಾಠವಾಗಿತ್ತು.

ಆ ನಸುಕಿನಲ್ಲಿ ಆದದ್ದನ್ನು ಆಮೇಲೆ ಅವಳೇ ಹೇಳಿದಳು. ಐವತ್ತನೆಯ ಅಣಕು ಮತ ಬಿದ್ದಿತ್ತು. ಯಂತ್ರವೂ ಒಟ್ಟು ಐವತ್ತು ಎಂದು ತೋರಿಸಿತ್ತು. ಇನ್ನೇನು ಮೂರು ಗುಂಡಿ ಒತ್ತಬೇಕು, ಅಷ್ಟರಲ್ಲಿ ಎರಡು ಪಕ್ಷಗಳ ಏಜೆಂಟರು ಜಗಳ ತೆಗೆದರು. ಇಬ್ಬರೂ ಒಂದೇ ಮನೆತನದವರು, ಅಣ್ಣತಮ್ಮಂದಿರ ಮಕ್ಕಳು. ಫ್ಯಾನಿನ ಕೆಳಗಿನ ಬೆಂಚಿನಲ್ಲಿ ಯಾರು ಕೂಡಬೇಕು ಎನ್ನುವುದು ಜಗಳ. ಅವರಲ್ಲಿ ಒಬ್ಬ ಇನ್ನೊಬ್ಬನ ಅಜ್ಜನವರೆಗೂ ಹೋದ, ಇಬ್ಬರಿಗೂ ಅಜ್ಜ ಒಬ್ಬನೇ ಎನ್ನುವುದನ್ನು ಮರೆತು. ನನ್ನ ಹೆಂಡತಿಯೊಳಗಿನ ಮಾಸ್ತರಿಣಿ ಎದ್ದಳು. ಮರಾಠಿಯಲ್ಲೇ ಗದರಿಸಿ ಇಬ್ಬರನ್ನೂ ಬೇರೆ ಬೇರೆ ಮೂಲೆಗೆ ಕೂರಿಸಿದಳು. ಬಂದು ಕುಳಿತವಳು, ಗುಂಡಿಗಳನ್ನು ಒತ್ತಿಯಾಗಿದೆ ಎಂದುಕೊಂಡು ಯಂತ್ರದ ಪಕ್ಕದ ಡಬ್ಬಿಯಲ್ಲಿ ಮತಕ್ಕೊಂದರಂತೆ ಬಿದ್ದಿದ್ದ ಚೀಟಿಗಳನ್ನು ಎಣಿಸಿದಳು. ಎಲ್ಲ ಸರಿಹೊಂದಿತು. ಏಜೆಂಟರು ಸಹಿ ಹಾಕಿದರು. ಮುದ್ರೆ ಬಿತ್ತು. ಏಳು ಗಂಟೆಗೆ ಮತದಾನ ಶುರುವಾಯಿತು.

ಒಂಬತ್ತರ ಸುಮಾರಿಗೆ ಎಷ್ಟು ಮತ ಬಿದ್ದವೆಂದು ಮೇಲಕ್ಕೆ ತಿಳಿಸಬೇಕಾಗಿತ್ತು. ಅವಳು ರಜಿಸ್ಟರಿನ ಸಹಿಗಳನ್ನು ನೋಡಿದಳು, ಯಂತ್ರ ನೋಡಿದಳು. ಯಂತ್ರದಲ್ಲಿ ಐವತ್ತು ಹೆಚ್ಚು. ಗಡಿಯಾರ ನೋಡಿ, ಒಂಬತ್ತು ಹನ್ನೆರಡು ಎಂದು ಡೈರಿಯಲ್ಲಿ ಬರೆದಳು. ಮೊದಲು ಮಾಡಿದ ಕೆಲಸ ಅದು.

ಏಜೆಂಟರಿಗೂ ಗೊತ್ತಾಯಿತು. ನಸುಕಿನಲ್ಲಿ ಒಬ್ಬರ ಅಜ್ಜನನ್ನು ಒಬ್ಬರು ಎಳೆದವರು ಈಗ ಒಂದೇ ಬಾಯಾದರು. ಐವತ್ತು ಮತಗಳನ್ನೂ ಎಲ್ಲ ಅಭ್ಯರ್ಥಿಗಳಿಗೆ ಸಮನಾಗಿ ಹಂಚಿದ್ದೇವಲ್ಲ, ಯಾರಿಗೆ ಲುಕ್ಸಾನು ಎನ್ನುವುದು ಅವರ ವಾದ. ಅವರಲ್ಲಿ ಹಿರಿಯನಾದವನು ಕೈಮುಗಿದ.

"ಅಕ್ಕೋರ, ನಾವ್ಯಾರೂ ಬಾಯಿ ಬಿಡಂಗಿಲ್ರಿ. ನೀವ್ ಒಬ್ಬಾಕಿ ಹೆಣ್ಮಗಳು, ನಿಮ್ಮ ನೌಕರಿ ಯಾಕ ಹಾಳ ಮಾಡ್ಕೋತೀರಿ?"

ಅವನು ಕೆಟ್ಟವನಲ್ಲ. ಮನೆಯಿಂದ ಅವಳಿಗಾಗಿ ಮಜ್ಜಿಗೆ ತರಿಸಿದ್ದವನು. ನಮ್ಮಲ್ಲಿ ಎಷ್ಟೋ ಸುಳ್ಳುಗಳು ಹೀಗೆ ಮಜ್ಜಿಗೆಯ ಜತೆಗೇ ಬರುತ್ತವೆ. ಪಾಪ ಅವರ ನೌಕರಿ, ಪಾಪ ಅವರ ಮನೆ ಎಂದು ಒಂದು ಕಾಗದ ತಿದ್ದುತ್ತೇವೆ. ದಿಲ್ಲಿಯ ದೊಡ್ಡ ಕಾಗದಗಳನ್ನೂ ಯಾರೋ ಯಾರ ಮೇಲೋ ಇಂಥದ್ದೇ ಅಂತಃಕರಣದಿಂದ ತಿದ್ದಿರಬಹುದು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿರಲಿಲ್ಲ.

ಆಗ ನಾನು ಎಲ್ಲಿದ್ದೆ? ಕಟ್ಟೆಯ ಮೇಲೆ. ಏಳಕ್ಕೇ ಮತ ಹಾಕಿ, ಬೆರಳಿನ ಶಾಯಿಯನ್ನು ಎಲ್ಲರಿಗೂ ತೋರಿಸಿ, ಈ ದೇಶದಲ್ಲಿ ಚುನಾವಣೆಗಳನ್ನು ಹೇಗೆ ಕೆಡಿಸಲಾಗುತ್ತಿದೆ ಎಂದು ಭಾಷಣ ಮಾಡುತ್ತಿದ್ದೆ. ಮತಯಂತ್ರವನ್ನು ತಿರುಚುತ್ತಾರೆ ಎಂದು ಯಾರೋ ಅಂದರು. ಯಂತ್ರ ಕಳ್ಳನಲ್ಲ, ಅದರ ಹಿಂದೆ ಕೂತ ಮನುಷ್ಯರನ್ನು ನೋಡಿಕೊಳ್ಳಿ ಎಂದು ನಾನು ಅಬ್ಬರಿಸಿದೆ. ಸೀರೆ ವ್ಯಾಪಾರಿಯೂ ತಲೆದೂಗಿದರು. ನಾನು ಗೆದ್ದ ಖುಷಿಯಲ್ಲಿ ಇನ್ನೊಂದು ಚಹಾ ಹೇಳಿದೆ. ಅಷ್ಟರಲ್ಲಿ ಅವಳ ಫೋನು ಬಂತು. ಬದಿಗೆ ಯಾರಿದ್ದಾರೆ ಎಂದು ಕೇಳಿದಳು. ಅವಳ ದನಿ ಕೇಳಿಯೇ ನಾನು ಎದ್ದು ಮರದ ಹಿಂದೆ ಹೋದೆ.

"ಮಶಿನ್ ಕ್ಲಿಯರ್ ಮಾಡೋದು ಬಿಟ್ಟೀನಿ," ಎಂದಳು. "ಐವತ್ತು ಜಾಸ್ತಿ ಅವ. ನಂದೇ ತಪ್ಪು."

ಕಣ್ಣ ಮುಂದೆ ಬಂದದ್ದು ದೇಶವಲ್ಲ, ಪ್ರಜಾಪ್ರಭುತ್ವವಲ್ಲ. ಅಮಾನತ್ತಿನ ಆದೇಶ ಬಂತು, ಮೂವತ್ತು ವರ್ಷ ಬಸ್ಸಿನಲ್ಲಿ ನಿಂತು ಹೋಗಿಬಂದವಳ ಹೆಸರು ಪೇಪರಿನಲ್ಲಿ ಬಂತು. ಯಾರಿಗೆ ಹೇಳಿದ್ದೀ ಎಂದು ಕೇಳಿದೆ. ಏಜೆಂಟರಿಗೆ ಮಾತ್ರ ಗೊತ್ತು, ಅವರು ಸುಮ್ಮನಿರಿ ಅನ್ನುತ್ತಿದ್ದಾರೆ ಎಂದಳು. ಹಾಗಾದರೆ ಮುಗಿಯಿತಲ್ಲ ಎಂದೆ. ಸಂಜೆ ಯಂತ್ರಕ್ಕೂ ರಜಿಸ್ಟರಿಗೂ ತಾಳೆಯಾಗಬೇಕಲ್ಲ ಎಂದಳು. ಅವಳು ಕೇಳಿದ್ದು ಲೆಕ್ಕದ ಪ್ರಶ್ನೆ. ನಾನು ಕೊಟ್ಟದ್ದು ಕಾಗದ ಬಲ್ಲವನ ಉತ್ತರ. ಅದನ್ನು ಇಲ್ಲಿ ಬರೆಯಲು ನನ್ನ ಕೈ ಇವತ್ತಿಗೂ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ.

"ಪುಣೆಕ್ಕ, ಗೋವಾಕ್ಕ ದುಡೀಲಿಕ್ಕೆ ಹೋದವ್ರು ಊರಾಗ ಐವತ್ತು ಮಂದಿ ಇದ್ದೇ ಇರ್ತಾರ. ಅವರ ಹೆಸರಿನ ಮುಂದ ಏಜೆಂಟರ ಕೈಲೆ ಹೆಬ್ಬಟ್ಟು ಒತ್ತಸು. ಸಂಜಿಕ್ಕ ಎರಡೂ ತಾಳಿ ಆಗ್ತಾವ."

ಒಂದು ನಿಮಿಷವೂ ಯೋಚಿಸಿರಲಿಲ್ಲ ನಾನು. ನಾಲಿಗೆಯ ತುದಿಯಲ್ಲೇ ಇತ್ತು. ಆ ಬೆಳಿಗ್ಗೆ ಇಡೀ ಕಟ್ಟೆಗೆ ಕೇಳುವಂತೆ ಯಾರಿಗೆ ಬೈದಿದ್ದೆನೋ, ಅವರು ಕೂಡ ಇಷ್ಟು ಬೇಗ ದಾರಿ ಹುಡುಕುತ್ತಿರಲಿಲ್ಲ.

"ಕಟ್ಟಿಮ್ಯಾಲೆ ಇದ್ದೀರೇನು?" ಎಂದು ಕೇಳಿದಳು.

ಹೌದು ಎಂದೆ.

"ಹಂಗಾದ್ರ ಹೋಗಿ ಕೂಡ್ರಿ," ಎಂದು ಫೋನ್ ಇಟ್ಟಳು.

ನಾನು ಹೋಗಿ ಕೂತೆ. ಚಹಾ ಆರಿಹೋಗಿತ್ತು. ಹೆಂಡತಿಯ ಫೋನೇ ಎಂದು ಯಾರೋ ಕೇಳಿದರು. ಹೌದು, ನಾಷ್ಟಾ ಆಯಿತೇನು ಅಂತ ಕೇಳಿದಳು ಎಂದೆ. ಒಂದು ಸುಳ್ಳಿನ ಬೆನ್ನಿಗೆ ಇನ್ನೊಂದು ಎಷ್ಟು ಸಲೀಸಾಗಿ ಬಂತು ನೋಡಿ.

ಅವಳು ಒಂದು ಲೋಟ ನೀರು ಕುಡಿದಳಂತೆ. ಐದು ನಿಮಿಷ ಸುಮ್ಮನೆ ಕೂತಳಂತೆ. ಒಂಬತ್ತೂವರೆಗೆ ಮೇಲಧಿಕಾರಿಗೆ ಫೋನ್ ಮಾಡಿ ತನ್ನಿಂದ ತಪ್ಪಾಗಿದೆ, ಮತದಾನ ನಿಲ್ಲಿಸಬೇಕು ಎಂದು ಹೇಳಿದಳು. ಆ ಹೊತ್ತನ್ನೂ ಡೈರಿಯಲ್ಲಿ ಬರೆದಳು. ಬೇರೆಯವರಾಗಿದ್ದರೆ ಗೊತ್ತಾದ ಹೊತ್ತನ್ನೂ ತಿಳಿಸಿದ ಹೊತ್ತನ್ನೂ ಒಂದೇ ಮಾಡಿ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಅವಳು ಎರಡನ್ನೂ ಇದ್ದದ್ದಿದ್ದಂತೆ ಬರೆದಳು. ನಡುವೆ ಹದಿನೆಂಟು ನಿಮಿಷ ಉಳಿಯಿತು.

ಸಂಜೆಯ ಹೊತ್ತಿಗೆ ಅಮಾನತ್ತಿನ ಆದೇಶ ಬಂತು. ಅವಳನ್ನು ಕರೆತರಲು ಸ್ಕೂಟರ್ ತೆಗೆದುಕೊಂಡು ಹೋದೆ. ಕಾಲೇಜಿನ ಮೈದಾನದಲ್ಲಿ, ಯಂತ್ರಗಳನ್ನು ಮರಳಿಸುವ ಗದ್ದಲದಲ್ಲಿ, ಬ್ಯಾಗು ಮಡಿಲಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಿದ್ದಳು. ಪರಿಚಯದ ಶಿಕ್ಷಕರು ನೋಡಿಯೂ ನೋಡದವರಂತೆ ದಾಟಿ ಹೋಗುತ್ತಿದ್ದರು. ಮನೆಗೆ ಬಂದ ಮೇಲೆ, ಉಪ್ಪಿಟ್ಟು ಮಾಡಲೇ ಎಂದು ಕೇಳಿದಳು. ನನಗೆ ಅಳು ಬಂತು, ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ಮೂರನೆಯ ದಿನ ಆ ಮತಗಟ್ಟೆಯಲ್ಲಿ ಮತ್ತೆ ಮತದಾನ. ಬೇರೆ ಸಿಬ್ಬಂದಿ ಹೋಗಿದ್ದರು. ನಾನು ಅವಳಿಗೆ ಹೇಳದೆ ಬಸ್ಸು ಹತ್ತಿ ಹೋದೆ. ಊರಿನವರು ಸಿಟ್ಟಾಗಿರುತ್ತಾರೆ, ಒಬ್ಬಳ ತಪ್ಪಿಗೆ ಮತ್ತೆ ಬಿಸಿಲಿಗೆ ನಿಲ್ಲಬೇಕಲ್ಲ, ಯಾರೂ ಬರುವುದಿಲ್ಲ, ಅದೂ ಅವಳ ತಲೆಗೇ ಬರುತ್ತದೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ. ಶಾಲೆಯ ಎದುರು ಇಳಿದಾಗ ಕಂಡದ್ದು ಬೇರೆ. ಸಾಲು ಅಂಗಳ ದಾಟಿ ರಸ್ತೆಗೆ ಬಂದಿತ್ತು. ಹೊಲದ ಕೆಲಸ ಬಿಟ್ಟ ಹೆಂಗಸರು ಟ್ರ್ಯಾಕ್ಟರಿನಲ್ಲಿ ಬಂದು ಇಳಿಯುತ್ತಿದ್ದರು. ಬಿಸಿಲು ಸುಡುತ್ತಿತ್ತು, ಯಾರೂ ಸಾಲು ಬಿಟ್ಟು ಕದಲಲಿಲ್ಲ.

ನಾನು ಯಾರೆಂದು ಹೇಳಲಿಲ್ಲ. ಬೇಲಿಯ ನೆರಳಿನಲ್ಲಿ ಕೂತಿದ್ದ ಒಬ್ಬ ಮುದುಕಿಯ ಹತ್ತಿರ, ಎರಡು ಸಲ ಮತ ಹಾಕುವುದು ತ್ರಾಸಲ್ಲವೇ ಎಂದು ಕೇಳಿದೆ. ಅವಳು ನನ್ನನ್ನು ಏನೂ ತಿಳಿಯದವನನ್ನು ನೋಡುವಂತೆ ನೋಡಿದಳು.

"ತ್ರಾಸ ಏನ ಬಂತೋ ಯಪ್ಪಾ. ಇಷ್ಟ ವರ್ಸ ಒತ್ತಿ ಬರ್ತಿದ್ದಿವಿ, ಅದು ಎಲ್ಲಿ ಹೋಗತೈತಿ ಯಾರಿಗ್ಗೊತ್ತ. ಆ ಅಕ್ಕೋರು ನೌಕರಿ ಹೋದ್ರೂ ಹೋಗ್ಲಿ ಅಂತ ಖರೆ ಹೇಳ್ಯಾರಂದ್ರ, ನನ್ನ ಹೋಟಿಗೆ ಏನೋ ಕಿಮ್ಮತ್ತ ಐತಿ ಅಂದಂಗಾತಲ್ಲ."

ಹಿಂದಿರುಗುವ ಬಸ್ಸಿನಲ್ಲಿ ನನಗೆ ಎದೆ ಉಬ್ಬಿತ್ತು. ಪಕ್ಕದಲ್ಲಿ ಕೂತವನಿಗೆ, ಆ ಅಕ್ಕೋರು ನನ್ನ ಹೆಂಡತಿ ಎಂದು ಹೇಳಬೇಕೆನ್ನಿಸಿತು. ಹೇಳಲು ಬಾಯಿ ತೆರೆದೆ. ಮರದ ಹಿಂದೆ ನಿಂತು ಆಡಿದ ಮಾತು ನೆನಪಾಯಿತು, ಮುಚ್ಚಿಕೊಂಡೆ.

ಕೆಲವು ತಿಂಗಳ ಮೇಲೆ ಬಾಗಲಕೋಟೆಯಲ್ಲಿ ಇಲಾಖಾ ವಿಚಾರಣೆ ಶುರುವಾಯಿತು. ಎರಡು ಆರೋಪ. ಒಂದು ನಿರ್ಲಕ್ಷ್ಯ, ಅದನ್ನು ಅವಳೇ ಒಪ್ಪಿಕೊಂಡಿದ್ದಳು. ಅದಕ್ಕೆ ಸಣ್ಣ ಶಿಕ್ಷೆ. ಎರಡನೆಯದು, ತಪ್ಪನ್ನು ಮುಚ್ಚಿಹಾಕಲು ಯತ್ನಿಸಿದ್ದು. ಆಧಾರ, ಆ ಹದಿನೆಂಟು ನಿಮಿಷ. ಅದು ರುಜುವಾತಾದರೆ ಸೇವೆಯಿಂದ ವಜಾ, ಪಿಂಚಣಿ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಮಕ್ಕಳ ಮುಂದೆ ತಪ್ಪು ಒಪ್ಪಿಕೊಂಡು ಬಂದವಳ ಹಣೆಗೆ ಕಳ್ಳಿಯ ಪಟ್ಟ. ಏಜೆಂಟರನ್ನು ಕರೆಸಿದರು. ಇಬ್ಬರೂ ನಮಗೇನೂ ನೆನಪಿಲ್ಲ ಎಂದು ಹೇಳಿ ಹೋದರು. ಮಜ್ಜಿಗೆ ತರಿಸಿದವನೂ ಹಾಗೇ ಹೇಳಿದ. ಎಲಾ ಇವನ ಎಂದು ನನಗೆ ರಕ್ತ ಕುದಿಯಿತು. ಅವನಿಗೆ ಬೈಯುವಷ್ಟರಲ್ಲಿ ಇನ್ನೊಬ್ಬನಿಗೂ ನೆನಪು ಹೋಗಿದೆ ಎನ್ನುವುದು ಹೊಳೆಯಿತು. ಅವನು ಹೊರಗೆ ಜಗಲಿಯ ಬೆಂಚಿನ ಮೇಲೆ, ಹೆಂಡತಿಯ ಊಟದ ಡಬ್ಬಿ ಹಿಡಿದುಕೊಂಡು ಕೂತಿದ್ದ. ಅವನು ನಾನೇ.

ಆ ಸಂಜೆ ಬಾಗಲಕೋಟೆಯಿಂದ ಬರುವ ಬಸ್ಸಿನಲ್ಲಿ ನಾನೇ ಕೇಳಿದೆ, ಆ ಹೊತ್ತಿನ ವಿಷಯಕ್ಕೆ ಏನು ಹೇಳಿದಿ ಎಂದು. ಯೋಚನೆ ಮಾಡುತ್ತಿದ್ದೆ ಎಂದು ಹೇಳಿದೆ ಎಂದಳು. ನನ್ನ ಹೆಸರು? ಹೇಳಲಿಲ್ಲ ಎಂದಳು. ಬಸ್ಸು ಲೋಕಾಪುರ ದಾಟಿತು. ಆಮೇಲೆ ಕಿಟಕಿಯಿಂದ ಹೊರಗೆ ನೋಡುತ್ತಲೇ ಅಂದಳು.

"ಎಲ್ಲಾ ಖರೆ ಬರದೆ. ಅದೊಂದು ಕಡೆ ಕಮ್ಮಿ ಬರದೀನಿ. ಅದ ನನಗ ಚುಚ್ಚಲಿಕ್ಕತ್ತದ."

ಹೇಳಿಬಿಡಿ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ನಾನು ಜಗಳವಾಡುತ್ತಿದ್ದೆನೇನೋ. ಇಡೀ ವಾರ ನಾನು ಮನೆಯೊಳಗೆ ಅಡ್ಡಾಡಿದೆ. ನನ್ನ ಹೆದರಿಕೆ ಏನೆಂದರೆ, ನನ್ನ ಪಿಂಚಣಿ ಅಷ್ಟೇ ಅಲ್ಲ. ಮತಗಟ್ಟೆಯಲ್ಲಿ ಕಳ್ಳಮತ ಹಾಕಿಸು ಎಂದು ಹೇಳಿಕೊಟ್ಟವನು ನಾನು ಎಂದು ಕಾಗದದ ಮೇಲೆ ಬಂದರೆ ಅದು ಎರಡೇ ದಿನಕ್ಕೆ ಕಟ್ಟೆಗೆ ಮುಟ್ಟುತ್ತದೆ. ಕೋರ್ಟಿನ ನಂಟು ಇರುವ ಊರು ಇದು, ಯಾವ ಕಾಗದವೂ ಗುಟ್ಟಾಗಿ ಉಳಿಯುವುದಿಲ್ಲ. ಸೀರೆ ವ್ಯಾಪಾರಿಯ ನಗು ಈಗಲೇ ಕಾಣುತ್ತಿತ್ತು. ಮಂತ್ರಿಗಳು ಯಾಕೆ ತಪ್ಪು ಒಪ್ಪಿಕೊಳ್ಳುವುದಿಲ್ಲ ಎಂದು ಇಷ್ಟು ವರ್ಷ ಕೇಳಿದೆನಲ್ಲ, ಉತ್ತರ ಆ ವಾರ ಸಿಕ್ಕಿತು. ಅವರಿಗೂ ಒಂದೊಂದು ಕಟ್ಟೆ ಇರುತ್ತದೆ, ಅಲ್ಲಿ ಅವರ ಮಾತಿಗೆ ತಲೆದೂಗುವ ಜನ ಇರುತ್ತಾರೆ. ಅಷ್ಟರಿಂದ ಅವರ ಮೇಲೆ ನನಗೆ ಕರುಣೆ ಬಂದಿತೆಂದು ತಿಳಿಯಬೇಡಿ. ಸಿಟ್ಟು ಇಮ್ಮಡಿಯಾಯಿತು. ನನ್ನ ಮೇಲಿನ ಸಿಟ್ಟೂ ಅದರಲ್ಲಿ ಸೇರಿತ್ತು.

ಮುಂದಿನ ವಿಚಾರಣೆಗೆ, ಅವಳು ಬೇಡವೆಂದರೂ, ಅವಳ ಪರ ಸಾಕ್ಷಿಯಾಗಿ ನನ್ನ ಹೆಸರು ಬರೆಸಿದೆ. ವಿಚಾರಣಾಧಿಕಾರಿ ನನಗಿಂತ ಚಿಕ್ಕವರು, ಮೆತ್ತಗೆ ಮಾತನಾಡುವವರು. ಕೂತುಕೊಳ್ಳಿ, ಹೇಳಿ ಎಂದರು. ನನಗೆ ಕೂತು ಹೇಳಲು ಬರಲಿಲ್ಲ. ಎದ್ದು ನಿಂತೆ, ಬಲಗೈ ತಾನಾಗಿ ಮೇಲೆ ಬಂತು. ಸಾವಿರಾರು ಜನರಿಗೆ ಹೇಳಿಕೊಟ್ಟ ಮಾತನ್ನು ಮೊದಲ ಸಲ ನನಗಾಗಿ ಶುರು ಮಾಡಿದೆ. ಅವರು ತಲೆಯೆತ್ತಿ, ಇಲ್ಲಿ ಪ್ರಮಾಣದ ಅಗತ್ಯವಿಲ್ಲ ಎಂದರು.

"ನನಗ ಅದರಿ," ಎಂದೆ.

ಪೂರ್ತಿ ಹೇಳಿದೆ. ಹೇಳಿ ಮುಗಿಸಿ, ಆ ಹದಿನೆಂಟು ನಿಮಿಷದಲ್ಲಿ ಇಷ್ಟು ಏಜೆಂಟರದು, ಇಷ್ಟು ನನ್ನದು, ಉಳಿದದ್ದು ನಮ್ಮೆಲ್ಲರ ಮಾತು ಕೇಳಿಯೂ ಕೇಳದಿರಲು ಅವಳಿಗೆ ಬೇಕಾದ ಹೊತ್ತು ಎಂದೆ. ಪುಣೆ, ಗೋವಾ, ಹೆಬ್ಬೆಟ್ಟು, ಒಂದನ್ನೂ ಬಿಡಲಿಲ್ಲ. ಅಧಿಕಾರಿಯ ಪೆನ್ನು ನಿಂತಿತು. ಇದನ್ನೆಲ್ಲ ಬರೆದುಕೊಂಡರೆ ನಿಮಗೆ ತೊಂದರೆಯಾಗಬಹುದು, ನೀವೂ ಸರ್ಕಾರಿ ಸೇವೆಯಲ್ಲಿದ್ದವರು, ಬೇಕಾದರೆ ಸಲಹೆ ಕೇಳಿದರು ಎಂದಷ್ಟೇ ಬರೆಯುತ್ತೇನೆ ಎಂದರು. ಒಳ್ಳೆಯ ಮನುಷ್ಯ. ಅವರ ದನಿಯಲ್ಲೂ ಅದೇ ಮಜ್ಜಿಗೆ ಇತ್ತು.

"ಬ್ಯಾಡ್ರಿ. ನಾ ಹೇಳಿದ್ದಷ್ಟೂ ಬರಕೋರಿ," ಎಂದೆ.

ಬರೆದುಕೊಂಡರು. ಓದಿ ಹೇಳಿದರು. ನಾನು ಪುಟಪುಟಕ್ಕೂ ಸಹಿ ಹಾಕಿದೆ. ನನ್ನ ಸೇವೆಯಲ್ಲಿ ಇತರರ ಎಷ್ಟು ಸಹಿಗಳನ್ನು ಮಾಡಿಸಿದ್ದೇನೆ, ಸಹಿ ಹಾಕುವಾಗ ಬೆರಳು ಇಷ್ಟು ಭಾರವಾಗುತ್ತದೆ ಎಂದು ಗೊತ್ತಿರಲಿಲ್ಲ. ನನ್ನ ಹೆಂಡತಿ ಎದುರಿನ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು, ನನ್ನ ಕಡೆ ನೋಡಲಿಲ್ಲ. ಬಸ್ಸಿನಲ್ಲಿ ಮಾತ್ರ ಊಟದ ಡಬ್ಬಿ ಬಿಚ್ಚಿ, ಎರಡು ಚಪಾತಿಯ ಮೇಲೆ ಪಲ್ಯ ಹಾಕಿ ನನಗೇ ಮೊದಲು ಕೊಟ್ಟಳು.

ಆದೇಶ ಬರಲು ಬಹಳ ದಿನ ಹಿಡಿಯಿತು. ಮುಚ್ಚಿಹಾಕಿದ ಆರೋಪ ಬಿದ್ದುಹೋಯಿತು. ನಿರ್ಲಕ್ಷ್ಯಕ್ಕೆ ಒಂದು ವೇತನ ಬಡ್ತಿ ತಡೆದು, ಕೆಲಸಕ್ಕೆ ಮರಳಲು ಹೇಳಿದರು. ಅಷ್ಟಾದರೂ ಯಾಕೆ, ಮೇಲ್ಮನವಿ ಹಾಕೋಣ ಎಂದು ನನ್ನ ಹಳೆಯ ಚಾಳಿ ಎದ್ದು ಕೂತಿತು. ಅವಳು ಎರಡು ಸಲ ಓದಿ ನೋಡಿ, ಶಿಕ್ಷೆ ಸರಿಯಾಗಿದೆ, ಗುಂಡಿ ಒತ್ತದವಳು ನಾನೇ ಅಲ್ಲವೇ ಎಂದಳು. ಸೋಮವಾರ ಮುಧೋಳದ ಬಸ್ಸು ಹತ್ತಿದಳು. ನಿವೃತ್ತಿಗೆ ಉಳಿದಿದ್ದ ಮೂರು ತಿಂಗಳನ್ನೂ ತರಗತಿಯಲ್ಲೇ ಕಳೆದಳು. ನನ್ನ ಮೇಲೆ ಏನಾದರೂ ಬರುತ್ತದೆಂದು ಕಾದೆ. ಇವತ್ತಿನ ತನಕ ಬಂದಿಲ್ಲ. ಬಂದರೆ ಬರಲಿ, ಹೇಳಿದ್ದು ಹೇಳಿದ್ದೇ.

ಆದರೆ ಸಾಕ್ಷಿ ಹೇಳಿ ಬಂದ ದಿನದಿಂದ ನಾನು ಕಟ್ಟೆಗೆ ಹೋಗಿರಲಿಲ್ಲ. ಎಣಿಸಿದಂತೆಯೇ ಸುದ್ದಿ ಅಲ್ಲಿಗೆ ಮುಟ್ಟಿತ್ತು. ಪೇಪರನ್ನು ಮನೆಯಲ್ಲೇ ಓದುತ್ತಿದ್ದೆ. ಓದಿ ಸಿಟ್ಟು ಬಂದರೂ ನುಂಗಿಕೊಳ್ಳುತ್ತಿದ್ದೆ. ಅವಳು ಕೆಲಸಕ್ಕೆ ಮರಳಿದ ಆ ಸೋಮವಾರ ಬೆಳಿಗ್ಗೆ, ಕೇಂದ್ರದ ಒಬ್ಬ ಮಂತ್ರಿ ತನ್ನ ಖಾತೆಯಲ್ಲಾ‌ದ ದೊಡ್ಡ ಎಡವಟ್ಟಿಗೆ ಕೆಳಗಿನ ನೌಕರನೊಬ್ಬನನ್ನು ಹೊಣೆ ಮಾಡಿ, ಸರ್ಕಾರದ ತಪ್ಪೇನೂ ಇಲ್ಲ ಎಂದದ್ದು ಮುಖಪುಟದಲ್ಲೇ ಬಂದಿತ್ತು. ನಾನು ಓದಿ, ಪೇಪರ್ ಮಡಿಚಿ, ಮೇಜಿನ ಮೇಲಿಟ್ಟೆ.

ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟವಳು ಬಾಗಿಲಲ್ಲಿ ನಿಂತಳು. ತಿರುಗಿ ಬಂದು, ಪೇಪರು ತೆಗೆದು, ನಾನು ಮಡಿಚಿದ ಸುದ್ದಿಯನ್ನು ನಿಂತಲ್ಲೇ ಓದಿದಳು. ಮತ್ತೆ ಮಡಿಚಿ ನನ್ನ ಕೈಗೆ ಕೊಟ್ಟಳು.

"ಕಟ್ಟಿಗೆ ಹೋಗ್ರಿ," ಎಂದಳು. "ಇಷ್ಟ ದಿವಸ ಸುಮ್ಮನ ಬೈತಿದ್ರಿ. ಈಗ ನಿಮಗ ಬೈಲಿಕ್ಕೆ ಹಕ್ಕ ಅದ."

ನಾನು ಚಪ್ಪಲಿ ಮೆಟ್ಟಿದೆ. ಅವಳು ಬಸ್ ನಿಲ್ದಾಣದ ಕಡೆ ತಿರುಗುವ ತನಕ ಜತೆಗೇ ನಡೆದು, ಆಮೇಲೆ ಪೇಪರನ್ನು ಬಗಲಿಗಿಟ್ಟುಕೊಂಡು ಕಟ್ಟೆಯ ದಾರಿ ಹಿಡಿದೆ.